ಎಡಗೈಯವಳಿಗೆ ಫೀಲ್ಡಿಂಗೇ ಬೇರೆ

ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಆಟೋ ನಗರದ ಸದ್ದು ನೆತ್ತಿಗೇರಿರುತ್ತದೆ. ಬೆಳಗಾವಿಯ ಈ ತುದಿಯಲ್ಲಿ, ಕಣಬರ್ಗಿ ಕಡೆಯ ರಸ್ತೆಯ ಬಗಲಿಗೆ, ಲಾರಿಗಳು ಹುಟ್ಟುವುದೂ ಸಾಯುವುದೂ ಸತ್ತು ಮತ್ತೆ ಬದುಕುವುದೂ ನಡೆದೇ ಇರುತ್ತದೆ. ಒಂದು ಶೆಡ್ಡಿನಲ್ಲಿ ಬರೀ ಚಾಸಿಯ ಮೇಲೆ ಕಟ್ಟಿಗೆಯ ಬಾಡಿ ಏಳುತ್ತಿದೆ. ಪಕ್ಕದಲ್ಲಿ ಪಾಟಾ ಬಡಿಯುವ ಸುತ್ತಿಗೆ. ಅದರಾಚೆ ವೆಲ್ಡಿಂಗಿನ ನೀಲಿ ಬೆಳಕು, ಥಿನ್ನರ್ ವಾಸನೆ, ಗ್ರೀಸು ಕುಡಿದು ಕಪ್ಪಾದ ನೆಲ. ಬೈಗುಳ ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಹದವಾಗಿ ಉರ್ದುವಿನಲ್ಲಿ ಮುಗಿಯುತ್ತದೆ. ಯಾರಿಗೂ ಬೇಜಾರಿಲ್ಲ. ಚಹಾದ ಹುಡುಗ ಒಂದೇ ಕೈಯಲ್ಲಿ ಆರು ಗ್ಲಾಸು ಹಿಡಿದು ಎರಡು ಲಾರಿಗಳ ನಡುವಿನ ಸಂದಿಯಲ್ಲಿ ನುಸುಳುತ್ತಾನೆ.

ಇಲ್ಲಿನ ಹಳೆಯ ಮಿಸ್ತ್ರಿಗಳ ಕಿವಿ ದೊಡ್ಡದು. ಗಾಡಿ ಗೇಟು ದಾಟಿ ಒಳಗೆ ಬರುವಷ್ಟರಲ್ಲಿ, ಬಾನೆಟ್ ಎತ್ತುವ ಮೊದಲೇ, ‘ಮೂರನೇ ಇಂಜೆಕ್ಟರ್ ಹೋಗೇತಿ’ ಎಂದು ಹೇಳಿಬಿಡುತ್ತಾರೆ. ಒಂದೇ ಕಂಪನಿಯ, ಒಂದೇ ವರ್ಷದ, ಒಂದೇ ಬಣ್ಣದ ಎರಡು ಲಾರಿ ನಿಂತರೂ ಅವರಿಗೆ ಅವು ಎರಡೇ. ಒಂದು ಚಡಾವಿನಲ್ಲಿ ದಣಿಯುತ್ತದೆ, ಇನ್ನೊಂದು ಬೆಳಗಿನ ಚಳಿಗೆ ಹಟ ಮಾಡುತ್ತದೆ. ‘ಎಲ್ಲಾ ಲಾರಿ ಒಂದ’ ಎಂದು ಯಾರಾದರೂ ಅಂದರೆ ಆಟೋ ನಗರ ನಕ್ಕುಬಿಟ್ಟೀತು.

ಆ ಹೊತ್ತಿಗೇ ಈ ರಸ್ತೆಯಲ್ಲಿ ಒಬ್ಬ ಹುಡುಗಿ ನಡೆದು ಬರುತ್ತಾಳೆ. ಹದಿನೈದೋ ಹದಿನಾರೋ ಇದ್ದೀತು. ಬೆನ್ನಿಗೆ ಅವಳಷ್ಟೇ ಉದ್ದದ ಕಿಟ್ ಚೀಲ, ಕಾಲಿಗೆ ಮಾಸಿದ ಬಿಳಿ ಬೂಟು, ಬಿಗಿದು ಕಟ್ಟಿದ ಜಡೆ. ಸುತ್ತಿಗೆ ಒಂದು ಕ್ಷಣ ನಿಲ್ಲುತ್ತದೆ.

‘ಎಲ್ಲಿಗ್ ಹೊಂಟೀಯವ್ವಾ, ಇಷ್ಟ ದೊಡ್ಡ ಚೀಲಾ ಹೊತಗೊಂಡು?’

‘ಪ್ರ್ಯಾಕ್ಟೀಸಿಗ್ರೀ ಕಾಕಾ.’

‘ಹುಡಿಗ್ಯಾರೂ ಕ್ರಿಕೆಟ್ ಆಡ್ತಾರೇನು ಈಗ?’

ಕೇಳಿದ್ದರಲ್ಲಿ ಕೊಂಕಿಲ್ಲ, ಕುತೂಹಲವಷ್ಟೇ. ಆದರೂ ಇಂಜಿನ್ನುಗಳನ್ನು ಒಂದೊಂದಾಗಿ ಗುರುತು ಹಿಡಿಯುವ ಅದೇ ಕಿವಿ, ಅದೇ ಕಣ್ಣು, ಇವಳ ಹತ್ತಿರ ಬರುವಾಗ ‘ಹುಡಿಗ್ಯಾರು’ ಎಂಬ ಬಹುವಚನದಲ್ಲಿ ನಿಂತುಬಿಡುತ್ತದೆ. ಇವಳು ಬೌಲರ್ರೋ ಬ್ಯಾಟರ್ರೋ, ಎಡಗೈಯೋ ಬಲಗೈಯೋ ಎಂದು ಅದು ಕೇಳುವುದಿಲ್ಲ.

ಗ್ಯಾರೇಜುಗಳ ಸಾಲು ಮುಗಿದರೆ ಕಾಂಪೌಂಡು. ಅದರೊಳಗೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಕ್ರೀಡಾಂಗಣ. ಹೊರಗಿನ ಕಪ್ಪು ನೆಲಕ್ಕೂ ಒಳಗಿನ ಹಸಿರಿಗೂ ನಡುವೆ ಇರುವುದು ಒಂದು ಗೋಡೆ ಮಾತ್ರ. 2019ರ ಬೇಸಿಗೆಯ ಕೊನೆಗೆ ಶ್ರೀಲಂಕಾ ‘ಎ’ ತಂಡದ ಎದುರು ಭಾರತ ‘ಎ’ ಇಲ್ಲಿ ಆಡಿತ್ತು. ನಾಲ್ಕು ದಿನದ ಪಂದ್ಯದಲ್ಲಿ ಅಭಿಮನ್ಯು ಈಶ್ವರನ್ 233 ಹೊಡೆದರು. ಜೂನ್ 6ರ ಏಕದಿನ ಪಂದ್ಯದಲ್ಲಿ ರುತುರಾಜ್ ಗಾಯಕವಾಡ್ ಅಜೇಯ 187. ಇಂಥ ಇನ್ನಿಂಗ್ಸನ್ನು ಜನ ನೆನೆಯುವ ರೀತಿ ನಮಗೆಲ್ಲ ಗೊತ್ತೇ ಇದೆ. ಆ ಕವರ್ ಡ್ರೈವ್, ಆ ತಲೆಯ ನಿಲುವು, ಆ ಅವಸರವಿಲ್ಲದ ಬ್ಯಾಟು ಎನ್ನುತ್ತೇವೆ. ‘ಈಗಿನ ಗಂಡುಹುಡುಗರೂ ಚೆನ್ನಾಗಿ ಆಡುತ್ತಾರೆ’ ಎಂದು ಯಾರೂ ಹೇಳುವುದಿಲ್ಲ. ಗಂಡು ಆಡಿದರೆ ಅದು ಒಬ್ಬನ ಆಟ. ಹೆಣ್ಣು ಆಡಿದರೆ ಇಡೀ ಹೆಣ್ಣುಕುಲದ ಆಟ.

ನೆಟ್ಸಿನಲ್ಲಿ ಹುಡುಗರು ಹೆಚ್ಚು, ಹುಡುಗಿಯರು ಬೆರಳೆಣಿಕೆ. ಹುಡುಗಿಯರದೇ ತಂಡವಾಗುವಷ್ಟು ತಲೆ ಕೂಡುವ ದಿನ ಕಡಿಮೆ, ಹಾಗಾಗಿ ಅಭ್ಯಾಸ ಕೂಡಿಯೇ. ಇದರಲ್ಲಿ ಲಾಭವೂ ಇದೆ, ಹೊರಗಿನವರಿಗೆ ಕಾಣದ ಒಂದು ತೊಡಕೂ ಇದೆ. ಗಂಡಸರ ಪಂದ್ಯದ ಚೆಂಡು 155.9ರಿಂದ 163 ಗ್ರಾಂ ತೂಗುತ್ತದೆ. ಹೆಂಗಸರದು 140ರಿಂದ 151. ಸುತ್ತಳತೆಯೂ ತುಸು ಕಡಿಮೆ. ದಿನವಿಡೀ ಭಾರದ ಚೆಂಡು ತಿರುಗಿಸಿದ ಬೆರಳು ಪಂದ್ಯದ ದಿನ ಹಗುರ ಚೆಂಡು ಹಿಡಿದಾಗ ಅಳತೆ ತಪ್ಪುತ್ತದೆ, ಬೀಳಬೇಕಾದ ಜಾಗಕ್ಕಿಂತ ಒಂದು ಗೇಣು ಮುಂದೆ ಬೀಳುತ್ತದೆ. ಬ್ಯಾಟರ್ ಅದನ್ನು ಬೌಂಡರಿಗೆ ಅಟ್ಟಿದರೆ ನೋಡುವವರು ಹೇಳುವುದು: ‘ಹುಡಿಗ್ಯಾರ ಬೌಲಿಂಗ್ ಅಂದ್ರ ಇಷ್ಟ.’

ಆದರೆ ಮೈದಾನದ ಒಳಗೆ ಆ ಮಾತಿಗೆ ಬೆಲೆಯಿಲ್ಲ. ಕಿಟ್ ಚೀಲದ ಹುಡುಗಿ ಚೆಂಡು ಕೈಗೆತ್ತಿಕೊಳ್ಳುತ್ತಾಳೆ. ಎಡಗೈ. ನಾಲ್ಕು ಹೆಜ್ಜೆಯ ಓಟ, ಐದನೆಯದು ಅರ್ಧ ಹಾರಿಕೆ. ತೋಳು ಕಿವಿಯ ಪಕ್ಕಕ್ಕೆ ಪೂರಾ ಏರುವುದಿಲ್ಲ, ಸ್ವಲ್ಪ ಹೊರಗಿನಿಂದ ಬರುತ್ತದೆ. ಕ್ರೀಸಿನ ಅಂಚಿನಿಂದ ಬಿಟ್ಟ ಚೆಂಡು ಬಲಗೈ ಬ್ಯಾಟರಿನ ಕಾಲಿನತ್ತ ಹೊರಟಂತೆ ತೋರಿ, ನೆಲ ಮುಟ್ಟಿ ಆಚೆ ಹೊರಳುತ್ತದೆ. ಈಗಷ್ಟೇ ಬೌಲಿಂಗ್ ಮುಗಿಸಿದ ಬಲಗೈ ಆಫ್ ಸ್ಪಿನ್ನರಿಗೆ ಮಿಡ್ ವಿಕೆಟ್ಟು, ಶಾರ್ಟ್ ಫೈನ್ ಲೆಗ್ಗು ಎಂದು ನಿಲ್ಲಿಸಿದ್ದ ಹುಡುಗರನ್ನು ಕೋಚ್ ಕೂಗಿ ಎಬ್ಬಿಸುತ್ತಾರೆ. ‘ಸ್ಲಿಪ್ ಬಾ. ಪಾಯಿಂಟ್, ಎರಡ ಹೆಜ್ಜಿ ಹಿಂದ. ಆಕಿ ಬಾಲ್ ಹೊರಗ ಹೊಕ್ಕೈತಿ.’ ವಿಕೆಟ್ ಕೀಪರ್ ಆಫ್ ಸ್ಟಂಪಿನ ಆಚೆಗೆ ಅರ್ಧ ಹೆಜ್ಜೆ ಸರಿಯುತ್ತಾನೆ. ಹನ್ನೊಂದು ಜನ ನಿಂತ ಜಾಗವೆಲ್ಲ ಒಬ್ಬ ಹುಡುಗಿಯ ಮಣಿಕಟ್ಟಿನ ಲೆಕ್ಕಕ್ಕೆ ಬದಲಾಗುತ್ತದೆ.

ಈ ವಿಷಯದಲ್ಲಿ ಆಟಕ್ಕೆ ಮುಲಾಜಿಲ್ಲ. ‘ಹುಡುಗಿ ಬೌಲ್ ಮಾಡುತ್ತಾಳೆ’ ಎಂದು ಫೀಲ್ಡಿಂಗ್ ನಿಲ್ಲಿಸಲಾಗದು. ಯಾವ ಹುಡುಗಿ, ಯಾವ ಕೈ, ಚೆಂಡು ಎತ್ತ ತಿರುಗುತ್ತದೆ, ದಣಿದಾಗ ಎಲ್ಲಿ ತಪ್ಪುತ್ತಾಳೆ ಎಂಬುದೆಲ್ಲ ಗೊತ್ತಿರಬೇಕು. ಊರಿನಲ್ಲಿ, ಮನೆಯಲ್ಲಿ, ಬಸ್ಸಿನಲ್ಲಿ ಸಾಮಾನ್ಯದ ಮಾತು ಹೇಗೋ ನಡೆದುಹೋಗುತ್ತದೆ. ಗೆರೆಯ ಒಳಗೆ ಅದು ನಡೆಯದು.

ಗೆರೆಯ ಹೊರಗೆ ಕಲ್ಲುಕಟ್ಟೆಯ ಮೇಲೆ ನಾಲ್ಕೈದು ಅವ್ವಂದಿರು ಕೂತಿರುತ್ತಾರೆ. ಒಬ್ಬರ ಮಡಿಲಲ್ಲಿ ಬಿಡಿಸಿದ ಬಟಾಣಿ, ಇನ್ನೊಬ್ಬರ ಕೈಯಲ್ಲಿ ಮೊಬೈಲು. ನಂಟರಿಷ್ಟರು ಇವರ ಕಿವಿಗೆ ಹಾಕಿದ ಮಾತುಗಳ ಪಟ್ಟಿ ಉದ್ದವಿದೆ. ‘ಬಿಸಲಾಗ ಆಡಿ ಕರ್ರಗಾದ್ರ ಯಾರ ತಗೋತಾರ?’ ‘ಮೊಣಕಾಲ ಮುರಕೊಂಡ್ರ ಮುಂದ ಹೆಂಗ?’ ‘ಹತ್ತನೇತ್ತೆ ಮಟಾ ಆಡ್ಲಿ, ಆಮ್ಯಾಲ ಸಾಕ ಮಾಡ್ರಿ.’ ತಿಂಗಳ ಆ ಮೂರು ದಿನದ ಮಾತು ಬಂದರೆ ದನಿ ಇಳಿಯುತ್ತದೆ. ಕೋಚ್ ಗಂಡಸಾದರೆ ಹುಡುಗಿ ‘ಹೊಟ್ಟಿ ನೋಯಾಕತ್ತೈತಿ ಸರ್’ ಎಂದಷ್ಟೇ ಹೇಳಿ ಮರದ ಕೆಳಗೆ ಕೂರುತ್ತಾಳೆ. ಹಾಜರಿ ಪುಸ್ತಕದಲ್ಲಿ ಅದು ಸೋಮಾರಿತನವೆಂದು ದಾಖಲಾದರೆ ಕೇಳುವವರಿಲ್ಲ.

ಬೈಗುಳಕ್ಕಿಂತ ಹೊಗಳಿಕೆ ಹೆಚ್ಚು ಪೇಚಿನದು. ಬೌಂಡರಿಯಿಂದ ಹುಡುಗಿಯೊಬ್ಬಳು ಚೆಂಡನ್ನು ನೇರ ಕೀಪರಿನ ಕೈಗವಸಿಗೆ ಮುಟ್ಟಿಸಿದಳು ಎನ್ನಿ. ಕಟ್ಟೆಯಿಂದ ಮೆಚ್ಚುಗೆ ಬರುತ್ತದೆ: ‘ಗಂಡುಮಗನಂಗ ಒಗೀತಾಳ ನೋಡು!’ ಹೇಳಿದವರ ಮನಸ್ಸು ಒಳ್ಳೆಯದೇ. ಆದರೆ ದಿನಕ್ಕೆ ನೂರು ಸಲ ಎಸೆದು, ಭುಜಕ್ಕೆ ಐಸು ಹಚ್ಚಿ, ಪಾದ ಇಡುವ ಕೋನ ತಿದ್ದಿಕೊಂಡು ಗಳಿಸಿದ ಎಸೆತವನ್ನು ಒಂದೇ ಮಾತಿನಲ್ಲಿ ಯಾರೋ ಹುಟ್ಟದ ಗಂಡುಮಗನ ಲೆಕ್ಕಕ್ಕೆ ಬರೆದಂತಾಯಿತು. ಕ್ಯಾಚು ಬಿಟ್ಟರೆ ಮಾತ್ರ ಅವಳು ಮತ್ತೆ ಹುಡುಗಿ. ಗೆದ್ದರೆ ಹೆಣ್ಣಲ್ಲದವಳು, ಸೋತರೆ ಹೆಣ್ಣೇ. ಎರಡರಲ್ಲೂ ಅವಳ ಸ್ವಂತದ ಹೆಸರಿಲ್ಲ.

ಬಟ್ಟೆಯ ಗಲಾಟೆ ಇನ್ನೊಂದು. ಇಲ್ಲಿ ಚಡ್ಡಿ ಹಾಕಿ ಓಡಿದರೆ ಮಾತು. ಬೇರೆ ಕಡೆ ಚಡ್ಡಿ ಉದ್ದವಾದರೆ ದಂಡ. 2011ರಲ್ಲಿ ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟ ಆಟಗಾರ್ತಿಯರು ಸ್ಕರ್ಟನ್ನೇ ತೊಡಬೇಕೆಂದು ನಿಯಮ ತಂದು, ವಿರೋಧಕ್ಕೆ ಮಣಿದು ಮರುವರ್ಷ ಕೈಬಿಟ್ಟಿತು. 2021ರಲ್ಲಿ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ತಂಡದ ಹೆಣ್ಣುಮಕ್ಕಳು ಬಿಕಿನಿ ಬಿಟ್ಟು ತೊಡೆ ಮುಚ್ಚುವ ಚಡ್ಡಿ ತೊಟ್ಟರೆಂದು 1500 ಯೂರೋ ದಂಡ ಬಿತ್ತು. ಮುಚ್ಚು ಅನ್ನುವವರೂ ಬಿಚ್ಚು ಅನ್ನುವವರೂ ಕೇಳದೇ ಬಿಟ್ಟದ್ದು ಒಂದೇ ಪ್ರಶ್ನೆ: ಓಡುವಾಗ ಅವಳಿಗೆ ಯಾವುದು ಹಿತ?

ಆಟೋ ನಗರದಿಂದ ವಿಜಯಪುರಕ್ಕೆ ಅರ್ಧ ದಿನದ ಬಸ್ಸು. ಆ ಊರಿನ ರಾಜೇಶ್ವರಿ ಗಾಯಕವಾಡ ಕೂಡ ಎಡಗೈ ಸ್ಪಿನ್ನರ್. ಚೆಂಡು ಹಿಡಿಯುವ ಮೊದಲು ಆ ಕೈ ಜಾವೆಲಿನ್ ಹಿಡಿದಿತ್ತು. 2017ರ ವಿಶ್ವಕಪ್ಪಿನ ಮೊದಲ ಆರು ಪಂದ್ಯಗಳಲ್ಲಿ ಅವರಿಗೆ ಹನ್ನೊಂದರಲ್ಲಿ ಜಾಗವಿರಲಿಲ್ಲ. ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ನ್ಯೂಜಿಲೆಂಡ್ ಎದುರು, ಗೆದ್ದವರಿಗೆ ಸೆಮಿಫೈನಲ್ ಎಂಬ ಪಂದ್ಯದಲ್ಲಿ ಜಾಗ ಸಿಕ್ಕಿತು. 7.3 ಓವರು, 15 ರನ್ನು, 5 ವಿಕೆಟ್ಟು. ನ್ಯೂಜಿಲೆಂಡ್ 79ಕ್ಕೆ ಮುಗಿಯಿತು, ಭಾರತ 186 ರನ್ನಿನಿಂದ ಗೆದ್ದಿತು.

ಅದೇ ಪಂದ್ಯದ ಮೊದಲ ಅರ್ಧದಲ್ಲಿ ಇನ್ನೊಬ್ಬ ಕನ್ನಡತಿ ಕಣದಲ್ಲಿದ್ದರು. ಕಡೂರಿನ ವೇದಾ ಕೃಷ್ಣಮೂರ್ತಿ, 45 ಚೆಂಡಿನಲ್ಲಿ 70. ವೇದಾ ಬಾಲ್ಯದಲ್ಲಿ ಕರಾಟೆ ಕಲಿತು ಕಪ್ಪು ಪಟ್ಟಿ ಗಳಿಸಿದವರು. ಕ್ರೀಸಿನಲ್ಲಿ ಅವರದು ಮುನ್ನುಗ್ಗುವ ಜಾಯಮಾನ. ಹೆಜ್ಜೆ ಮುಂದಿಟ್ಟು ಬೌಲರಿನ ತಲೆಯ ಮೇಲೆ ಬೀಸುವವರು, ಮೈದಾನದಲ್ಲಿ ದನಿ ಎತ್ತುವವರು. ರಾಜೇಶ್ವರಿಯದು ಕಾಯುವ ಆಟ. ಒಂದೇ ಜಾಗ, ಒಂದೇ ಉದ್ದ, ಬ್ಯಾಟರಿನ ಸಹನೆ ಕಡಿಯುವವರೆಗೆ. ಒಂದೇ ರಾಜ್ಯ, ಒಂದೇ ಜರ್ಸಿ, ಒಂದೇ ಮಧ್ಯಾಹ್ನ. ‘ಹೆಣ್ಣುಮಕ್ಕಳ ಆಟ’ ಎಂಬ ಒಂದು ಪೆಟ್ಟಿಗೆಯಲ್ಲಿ ಇವರಿಬ್ಬರನ್ನು ಹಾಕಿ ಮುಚ್ಚಳ ಮುಚ್ಚಲು ಹೋದರೆ ಮುಚ್ಚಳವೇ ಒಡೆದೀತು.

ಲಾರ್ಡ್ಸಿನ ಫೈನಲ್ಲಿನಲ್ಲಿ 9 ರನ್ನಿನಿಂದ ಸೋತು ತಂಡ ಮರಳಿದಾಗ ಸನ್ಮಾನಗಳ ಸುರಿಮಳೆಯಾಯಿತು. ರಾಜೇಶ್ವರಿಗೆ ಕಾರು ಕೊಡುವ ಮಾತು ಬಂತು. ಕಾರು ಬೇಡ, ಮನೆಯವರಿಗೆ ಒಂದು ಸೂರು ಬೇಕು ಎಂದರು ಅವರು. ಉತ್ತರ ಕರ್ನಾಟಕದ ಮಗಳ ಬಾಯಲ್ಲಿ ಬರಬಹುದಾದ ಮಾತು ಅದು, ಅಪ್ಪನನ್ನು ಕಳೆದುಕೊಂಡ ಮನೆಯ ಜವಾಬ್ದಾರಿ ಹೊತ್ತವರ ಮಾತು. ವೇದಿಕೆಯ ಮೇಲೆ ಉಡುಗೊರೆ ಒಲ್ಲೆ ಎನ್ನುವುದಕ್ಕೂ, ಎದುರಿಗೆ ಬಲಾಢ್ಯ ಬ್ಯಾಟರ್ ನಿಂತಾಗ ಅದೇ ಜಾಗಕ್ಕೆ ಮತ್ತೆ ಚೆಂಡು ಹಾಕುವುದಕ್ಕೂ ಬೇಕಾದ ಗಟ್ಟಿತನ ಒಂದೇ ಇರಬೇಕು.

ಇತ್ತ ಬೆಳಗಾವಿಯ ಇನ್ನೊಂದು ದಿಕ್ಕಿಗೆ ತುರಮುರಿ. ಬೆಳಗಾವಿ ನಗರದ ಕಸವೆಲ್ಲ ಹೋಗಿ ಬೀಳುವ ಊರೆಂದೇ ಪೇಟೆಯವರಿಗೆ ಅದರ ಪರಿಚಯ. ಹೊಲ, ಮನೆ, ಮನೆಮುಂದೆ ಎಮ್ಮೆ, ಮಾತು ಅರ್ಧ ಮರಾಠಿ ಅರ್ಧ ಕನ್ನಡ. 2018ರ ಆಗಸ್ಟ್ 28ರಂದು ಆ ಊರಿನ ಹೆಸರಿಗೆ ಬೇರೆ ಅರ್ಥ ಬಂತು. ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಎಂಬ ಆಟ ಮೊದಲ ಸಲ ಸೇರಿತ್ತು. 52 ಕೆಜಿ ವಿಭಾಗದಲ್ಲಿ ತುರಮುರಿಯ ಮಲಪ್ರಭಾ ಜಾಧವ್ ಕಂಚು ಗೆದ್ದರು, ದಿಲ್ಲಿಯ ಪಿಂಕಿ ಬಲ್ಹಾರಾ ಬೆಳ್ಳಿ. ರೈತರ ಮಗಳು, ಜೂಡೋ ಚಾಪೆಯ ಮೇಲೆ ಬೆಳೆದವರು.

ಕುರಾಶ್ ಉಜ್ಬೇಕಿಸ್ತಾನದ ಕಡೆಯ ಕುಸ್ತಿ. ಒಬ್ಬರಿಗೆ ಹಸಿರು ಅಂಗಿ, ಇನ್ನೊಬ್ಬರಿಗೆ ನೀಲಿ, ಸೊಂಟಕ್ಕೆ ಪಟ್ಟಿ. ಕಾಲಿಗೆ ಕೈ ಹಾಕುವಂತಿಲ್ಲ. ಅಂಗಿ, ಪಟ್ಟಿ ಹಿಡಿದು ನಿಂತಲ್ಲೇ ಎತ್ತಿ ಒಗೆಯಬೇಕು. ಎದುರಾಳಿಯ ಬೆನ್ನು ಪೂರಾ ನೆಲಕ್ಕೆ ಬಡಿದರೆ ‘ಹಲಾಲ್’, ಪಂದ್ಯ ಅಲ್ಲಿಗೇ ಮುಗಿಯಿತು. ನೆಲಕ್ಕೆ ಬಿದ್ದವರ ಮೇಲೆ ಏರುವುದಿಲ್ಲ. ಬಿದ್ದರೆ ರೆಫರಿ ನಿಲ್ಲಿಸುತ್ತಾರೆ, ಇಬ್ಬರೂ ಎದ್ದು ಮತ್ತೆ ಮುಖಾಮುಖಿ.

ಮಲಪ್ರಭಾ ಬೆಳೆದಂಥ ಜೂಡೋ ಹಾಲ್‌ನಲ್ಲಿ ಒಂದು ಸಂಜೆ ಕೂತರೆ ತಿಳಿಯುತ್ತದೆ, ಇಲ್ಲಿ ಮೊದಲ ಪಾಠ ಬೀಳುವುದು. ಹುಡುಗಿಯರು ಸಾಲಾಗಿ ನಿಂತು ಹಿಂದಕ್ಕೆ ಬೀಳುತ್ತಾರೆ, ಬೀಳುತ್ತಲೇ ಅಂಗೈಯಿಂದ ಚಾಪೆ ಬಡಿಯುತ್ತಾರೆ. ಫಟ್. ಮತ್ತೆ ಎದ್ದು, ಮತ್ತೆ ಫಟ್. ಗದ್ದ ಎದೆಗೆ, ತಲೆ ನೆಲಕ್ಕೆ ತಾಗಬಾರದು. ಆಮೇಲೆ ಜೋಡಿ ಹಿಡಿತ. ಗಿಡ್ಡ ಹುಡುಗಿ ಎದುರಾಳಿಯ ಕಂಕುಳಡಿ ನುಗ್ಗಿ ಭುಜದ ಮೇಲಿಂದ ಎಸೆಯುತ್ತಾಳೆ. ಉದ್ದಕಾಲಿನವಳಿಗೆ ಅದು ಒಗ್ಗದು. ಅವಳು ಕಾಲು ಕೊಟ್ಟು ಒಳತೊಡೆಯಿಂದ ಎತ್ತುತ್ತಾಳೆ. ಒಬ್ಬಳ ಹಿಡಿತ ಮೊಳಕೈ ಹತ್ತಿರ, ಇನ್ನೊಬ್ಬಳದು ಕೊರಳಪಟ್ಟಿಯ ಹಿಂದೆ. ಒಂದೇ ತೂಕದ ಇಬ್ಬರಿಗೂ ಒಂದೇ ಪಟ್ಟು ಹೇಳಿಕೊಡುವ ಕೋಚ್ ಬಹಳ ದಿನ ಬಾಳುವುದಿಲ್ಲ. ಊರಲ್ಲಿ ‘ದಪ್ಪ’, ‘ಸಣಕಲು’, ‘ಕುಳ್ಳಿ’ ಎಂದು ನೋಯಿಸಿದ ಮೈಕಟ್ಟು ಚಾಪೆಯ ಮೇಲೆ ಅವರವರ ಬಂಡವಾಳವಾಗುತ್ತದೆ.

ಹಾಗೆಂದು ಆ ಚಾಪೆಯೂ ಪೂರಾ ಪಾಪಮುಕ್ತವಲ್ಲ. ಜಪಾನಿನಲ್ಲಿ ಹೆಂಗಸರ ಜೂಡೋ ಕಪ್ಪು ಪಟ್ಟಿಯ ನಡುವೆ ಉದ್ದಕ್ಕೂ ಒಂದು ಬಿಳಿ ಗೆರೆ ಇರುತ್ತಿತ್ತು, ಇದು ಹೆಣ್ಣಿನ ಕಪ್ಪು ಎಂದು ದೂರದಿಂದಲೇ ತಿಳಿಯಲೆಂದು. ಜೂಡೋ ಹುಟ್ಟಿಸಿದ ಜಿಗೊರೊ ಕಾನೊ ಅವರ ಕೈಯಲ್ಲೇ ಕಲಿತ ಕೇಕೊ ಫುಕುಡಾ ಎಂಬಾಕೆಯನ್ನು ಹೆಣ್ಣೆಂಬ ಕಾರಣಕ್ಕೆ ಐದನೇ ಡಾನ್ ದರ್ಜೆಯಲ್ಲೇ ದಶಕಗಳ ಕಾಲ ನಿಲ್ಲಿಸಿದ್ದರು. ಅಮೆರಿಕದ ಜೂಡೋ ಸಂಸ್ಥೆ ಅವರಿಗೆ ಹತ್ತನೇ ಡಾನ್ ಕೊಟ್ಟದ್ದು 2011ರಲ್ಲಿ. ಆಗ ಅವರಿಗೆ 98 ವರ್ಷ.

ಮಲಪ್ರಭಾ ಎಂಬ ಹೆಸರಿನ ಹೊಳೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿಂದ ಇಳಿದು ಖಾನಾಪುರ ಪೇಟೆಯ ಬಗಲಿಗೆ ಹರಿದು ಬೈಲು ಸೀಮೆಗೆ ಹೋಗುತ್ತದೆ. ಬೆಳಗಾವಿಯಿಂದ ಬಸ್ಸಿನಲ್ಲಿ ಬಂದರೆ ಖಾನಾಪುರದಲ್ಲಿ ಗಾಳಿಯೇ ಬದಲಾಗುತ್ತದೆ. ಹೆಂಚಿನ ಮಾಡು, ಕುಂಬಾರಿಕೆಯ ಜೇಡಿ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಒಣಗದ ಗೋಡೆ. ಲೋಂಡಾ ಕಡೆ ಹೊರಳಿದರೆ ಕಾಡು, ಭೀಮಗಡದ ದಟ್ಟಣೆ, ದಿನಕ್ಕೆರಡು ಬಸ್ಸು ಕಾಣುವ ಹಳ್ಳಿಗಳು. ಶಾಲೆಯ ಮೈದಾನವೆಂದರೆ ಕೆಂಪು ನೆಲದ ಒಂದು ತುಣುಕು, ಸುಣ್ಣದಲ್ಲಿ ಎಳೆದ ಕಬಡ್ಡಿ ಅಂಕಣ, ಖೋ-ಖೋಗೆ ಎರಡು ಕಂಬ. ಹುಡುಗಿಯರು ಚೂಡಿದಾರದ ಓಢಣಿಯನ್ನು ಸೊಂಟಕ್ಕೆ ಬಿಗಿದು ಬರಿಗಾಲಲ್ಲೇ ಇಳಿಯುತ್ತಾರೆ. ಖೋ ಬಿದ್ದ ತಕ್ಷಣ ಕೂತಲ್ಲಿಂದ ಎದ್ದು ಚಿಮ್ಮುವ ಹುಡುಗಿ ಕಂಬ ಹಿಡಿದು ತಿರುಗುವಾಗ ಮೈಯನ್ನು ನೆಲಕ್ಕೆ ಎಷ್ಟು ಬಾಗಿಸುತ್ತಾಳೆಂದರೆ ಬಿದ್ದೇ ಹೋದಳು ಅನ್ನಿಸಬೇಕು. ಬೀಳುವುದಿಲ್ಲ.

ಇಲ್ಲಿನ ಮಕ್ಕಳಿಗೆ ಅಡ್ಡಿಯಾಗುವುದು ಬರೀ ಮಾತಲ್ಲ, ಗಡಿಯಾರ. ತಾಲ್ಲೂಕು ಮಟ್ಟದ ಪಂದ್ಯ ಸಂಜೆ ಐದಕ್ಕೆ ಮುಗಿದರೆ ಕೊನೆಯ ಬಸ್ಸು ಹೋಗಿಯಾಗಿರುತ್ತದೆ. ಗಂಡುಹುಡುಗ ಯಾರದೋ ಬೈಕಿನ ಹಿಂದೆ ಕೂತು ಊರು ಸೇರುತ್ತಾನೆ. ಹುಡುಗಿಗೆ ಆ ಬೈಕು ಇಲ್ಲ. ಹಾಗಾಗಿ ಅವಳು ಸೆಮಿಫೈನಲ್ ಗೆದ್ದು ಫೈನಲ್ ಆಡದೇ ಮರಳುವುದುಂಟು. ‘ಹುಡಿಗ್ಯಾರಿಗೆ ಛಲ ಕಡಿಮಿ’ ಎಂಬ ತೀರ್ಮಾನದ ಹಿಂದೆ ಎಷ್ಟೋ ಸಲ ಇರುವುದು ಸಾರಿಗೆಯ ವೇಳಾಪಟ್ಟಿ.

ಖಾನಾಪುರದ ಕಾಡಂಚಿನಲ್ಲೂ, ಪಕ್ಕದ ಹಳಿಯಾಳ, ಯಲ್ಲಾಪುರ, ಜೊಯಿಡಾ ಕಡೆಯಲ್ಲೂ ಸಿದ್ದಿ ಜನರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ, ತರಲ್ಪಟ್ಟವರ ಸಂತತಿ. 1980ರ ದಶಕದ ಉತ್ತರಾರ್ಧದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಯೋಜನೆಯಡಿ ಸಿದ್ದಿ ಹುಡುಗ ಹುಡುಗಿಯರನ್ನು ಹುಡುಕಿ ತಂದು ತರಬೇತಿಗೆ ಹಚ್ಚಿತು. ಆಫ್ರಿಕಾದ ರಕ್ತ, ಓಡಲಿಕ್ಕೇ ಹುಟ್ಟಿದವರು ಎಂಬುದು ಲೆಕ್ಕ. ಪದಕಗಳೂ ಬಂದವು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ರಕ್ತ ನೋಡಿ ಆರಿಸಿದವರು ಆ ಒಬ್ಬೊಬ್ಬ ಹುಡುಗಿಗೆ ಓಟ ಇಷ್ಟವೋ ಓದು ಇಷ್ಟವೋ, ಹಾಸ್ಟೆಲ್ಲಿನ ಊಟ ಸೇರುತ್ತದೋ, ಆಟ ನಿಂತ ಮೇಲೆ ಕೈಗೆ ಕೆಲಸವೇನು ಎಂದು ಕೇಳಿದ್ದರೆ ಕತೆ ಬೇರೆಯಾಗುತ್ತಿತ್ತು. ಹೆಣ್ಣು ಎಂದರೆ ಬಲಹೀನೆ ಎಂಬುದು ಒಂದು ಮುದ್ರೆ. ಸಿದ್ದಿ ಎಂದರೆ ಹುಟ್ಟಾ ಬಲಶಾಲಿ ಎಂಬುದು ಇನ್ನೊಂದು. ಸಿದ್ದಿ ಹುಡುಗಿ ಎರಡನ್ನೂ ಬೆನ್ನಿಗೆ ಹೊತ್ತು ಓಡಬೇಕಾಯಿತು. ಈಗ ಹಳಿಯಾಳದ ಕುಸ್ತಿ ಅಂಕಣಗಳಲ್ಲಿ ಸಿದ್ದಿ ಹೆಣ್ಣುಮಕ್ಕಳು ಹಿಡಿತ ಬಿಗಿಯುತ್ತಿದ್ದಾರೆ, ಮೈಸೂರು ದಸರೆಯ ಕಣಕ್ಕೂ ಇಳಿದಿದ್ದಾರೆ. ಓಡಲಿಕ್ಕೇ ಹುಟ್ಟಿದವರೆಂದು ಬರೆದಿಟ್ಟವರ ಪುಸ್ತಕದಲ್ಲಿ ಕುಸ್ತಿ ಇರಲಿಲ್ಲ.

ಒಬ್ಬಳ ದಣಿವನ್ನು ಎಲ್ಲರ ತಲೆಗೆ ಕಟ್ಟುವ ಚಟ ಬೆಳಗಾವಿಯದಷ್ಟೇ ಅಲ್ಲ. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರ 800 ಮೀಟರ್ ಮೊದಲ ಸಲ ನಡೆಯಿತು. ಜರ್ಮನಿಯ ಲೀನಾ ರಾಡ್ಕೆ ವಿಶ್ವದಾಖಲೆಯೊಂದಿಗೆ ಗೆದ್ದರು. ಫೈನಲ್ಲಿನ ಒಂಬತ್ತೂ ಓಟಗಾರ್ತಿಯರು ಗೆರೆ ಮುಟ್ಟಿದರು. ಓಟ ಮುಗಿಸಿ ಉಸಿರಿಗಾಗಿ ನೆಲಕ್ಕೆ ಕೂತವರನ್ನು ಕಂಡ ಪತ್ರಿಕೆಗಳು, ಹೆಂಗಸರು ಸಾಲುಸಾಲಾಗಿ ಕುಸಿದುಬಿದ್ದರು ಎಂದು ಬರೆದವು. ಆ ಬರಹದ ಬೆನ್ನಿಗೆ ಓಟವನ್ನೇ ತೆಗೆದುಹಾಕಿದರು. ಮತ್ತೆ ಸೇರಿದ್ದು 1960ರಲ್ಲಿ, ರೋಮಿನಲ್ಲಿ. ನಡುವಿನ 32 ವರ್ಷ ಎಷ್ಟು ಹುಡುಗಿಯರ ಇಡೀ ಪ್ರಾಯವೋ.

ನಮ್ಮಲ್ಲಿ 1976ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ಭಾರತದ ಹೆಣ್ಣುಮಕ್ಕಳು ವೆಸ್ಟ್ ಇಂಡೀಸ್ ಎದುರು ಮೊದಲ ಟೆಸ್ಟ್ ಆಡಿದಾಗ ನಾಯಕಿ ಬೆಂಗಳೂರಿನ ಶಾಂತಾ ರಂಗಸ್ವಾಮಿ. ಅದೇ ವರ್ಷ ಅರ್ಜುನ ಪ್ರಶಸ್ತಿ ಪಡೆದ ಮೊದಲ ಕ್ರಿಕೆಟ್ ಆಟಗಾರ್ತಿ ಆದರು. ರಿಸರ್ವೇಶನ್ ಇಲ್ಲದ ಬೋಗಿ, ಹಾಸ್ಟೆಲ್ಲಿನ ನೆಲ, ಹಂಚಿಕೊಂಡ ಬ್ಯಾಟು ಆ ತಲೆಮಾರಿನ ದಿನಚರಿ. ಶಾಂತಾ ಅವರ ಬದುಕು ನಡೆಸಿದ್ದು ಕ್ರಿಕೆಟ್ ಅಲ್ಲ, ಕೆನರಾ ಬ್ಯಾಂಕಿನ ಸಂಬಳ. 1973ರಲ್ಲಿ ಹುಟ್ಟಿದ ಮಹಿಳಾ ಕ್ರಿಕೆಟ್ ಸಂಸ್ಥೆ ಬಿಸಿಸಿಐ ಸೇರಿದ್ದು 2006ರಲ್ಲಿ. ಪಂದ್ಯದ ಸಂಭಾವನೆ ಗಂಡಸರಿಗೆ ಸಮವಾದದ್ದು 2022ರ ಅಕ್ಟೋಬರಿನಲ್ಲಿ: ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. 2025ರ ನವೆಂಬರ್ 2ರ ರಾತ್ರಿ ನವಿ ಮುಂಬೈಯಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ಭಾರತ ವಿಶ್ವಕಪ್ ಎತ್ತಿತು.

ಆ ಗೆಲುವಿನ ಮೇಲೆ ನೆಟ್ಸಿಗೆ ಬರುವ ಹುಡುಗಿಯರ ಮಾತೂ ಬದಲಾಗಿದೆ. ಮೊದಲೆಲ್ಲ ‘ನಾನು ಕೊಹ್ಲಿಯಂಗ ಆಗ್ಬೇಕು’ ಅನ್ನುತ್ತಿದ್ದವರು ಈಗ ಆರಿಸಿಕೊಳ್ಳುತ್ತಾರೆ. ಒಬ್ಬಳಿಗೆ ಆ ತಂಡದ ಸ್ಮೃತಿಯ ಕವರ್ ಡ್ರೈವ್ ಬೇಕು, ಇನ್ನೊಬ್ಬಳಿಗೆ ಶೆಫಾಲಿಯ ಬೀಸು. ಆಫ್ ಸ್ಪಿನ್ ಹಾಕುವವಳು ಬೆಂಗಳೂರು ತಂಡದ ಶ್ರೇಯಾಂಕಾ ಪಾಟೀಲರ ಓಟವನ್ನು ಮೊಬೈಲಿನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡುತ್ತಾಳೆ. ಮಾದರಿ ಒಂದೇ ಇದ್ದಾಗ ಅದರಂತೆ ಆಗಬೇಕು, ಇಲ್ಲವೇ ಬಿಡಬೇಕು. ಹತ್ತು ಮಾದರಿ ಇದ್ದಾಗ ಹನ್ನೊಂದನೆಯದಾಗುವ ಧೈರ್ಯ ಬರುತ್ತದೆ. ಉದ್ದ ಜಡೆಯವಳೂ ಬೇಕು, ಕ್ರಾಪಿನವಳೂ ಬೇಕು. ಪಂದ್ಯದ ದಿನ ಕಾಡಿಗೆ ಹಚ್ಚುವವಳೂ ಸೈ, ಕನ್ನಡಿಯನ್ನೇ ನೋಡದವಳೂ ಸೈ. ಕೆಟ್ಟದಾಗಿ ಆಡುವ ಸ್ವಾತಂತ್ರ್ಯವೂ ಬೇಕು. ಸೊನ್ನೆಗೆ ಔಟಾದ ಹುಡುಗ ಮನೆಗೆ ಹೋಗಿ ಉಂಡು ಮಲಗುತ್ತಾನೆ. ಸೊನ್ನೆಗೆ ಔಟಾದ ಹುಡುಗಿಯೂ ಹಾಗೆಯೇ ಉಂಡು ಮಲಗಬಲ್ಲಳಾದರೆ, ಜಗತ್ತಿನ ಹೆಣ್ಣುಮಕ್ಕಳ ಮಾನವನ್ನೆಲ್ಲ ಹೊತ್ತು ಕ್ರೀಸಿಗೆ ಹೋಗಬೇಕಿಲ್ಲವಾದರೆ, ಆಗ ಸಮವಾಯಿತು ಎನ್ನಬಹುದು.

ಕಟ್ಟೆಯ ಮೇಲೆ ಬಟಾಣಿ ಬಿಡಿಸುತ್ತಿದ್ದ ಅವ್ವನನ್ನು ಪಕ್ಕದವರು ಮಾತಿಗೆಳೆಯುತ್ತಾರೆ. ‘ನಿಮ್ಮಾಕಿ ಯಾವಾಕಿರೀ? ಕ್ರಿಕೆಟ್ ಹೆಂಗ ಆಡ್ತಾಳ?’ ಕಲಿಯುವ ಹುಡುಗಿಯ ತಾಯಿ ಕೊಡುವ ಹಳೆಯ ಉತ್ತರಗಳು ಎರಡೇ ಇದ್ದವು, ‘ಏನೋ ಆಡ್ತಾಳ್ರೀ’ ಎಂಬ ಸಂಕೋಚದ್ದು ಒಂದು, ‘ಗಂಡುಮಕ್ಕಳಂಗ ಆಡ್ತಾಳ್ರೀ’ ಎಂಬ ಹೆಮ್ಮೆಯದು ಇನ್ನೊಂದು. ಈ ಅವ್ವ ಎರಡನ್ನೂ ಬಿಟ್ಟರು. ಬೆರಳಿನಿಂದ ತೋರಿಸಿ ಹೇಳಿದರು:

‘ಅಕಾ ನೋಡ್ರೀ, ಎಡಗೈಲೆ ಹಾಕಾಕತ್ತಾಳಲ್ಲ, ಆಕಿ. ಸ್ಪಿನ್. ಮೊದಲ ಎರಡ ಓವರ್ ಸುಮ್ಮ ಇರ್ತೈತಿ, ಮೂರನೇದಕ್ಕ ಕೈ ಕೂಡ್ತೈತಿ. ಬಾಲ್ ಹೊಸಾದಿದ್ರ ಆಕಿಗೆ ಸೇರೂದಿಲ್ಲ. ಬ್ಯಾಟಿಂಗ್ ಅಂತೂ ಕೇಳಬ್ಯಾಡ್ರಿ, ಸುಡುಗಾಡ!’

ಕಟ್ಟೆಯೆಲ್ಲ ನಕ್ಕಿತು. ಮಗಳ ಬ್ಯಾಟಿಂಗ್ ಮಗಳದು ಮಾತ್ರ ಎಂದು ಬಲ್ಲವರಂತೆ ಅವ್ವ ಕೂಡ ನಕ್ಕರು.